ಕುರಿಯ ಮಿದುಳಿನಿಂದ ಮೈಲಿನ್ ಪೆಪ್ಟೈಡಿನವರೆಗೆ

ನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತನ್ನು ಬೀದರ, ಕಲಬುರಗಿ, ರಾಯಚೂರು ಸೀಮೆಯ ನಮ್ಮ ತಲೆಮಾರಿನವರಾರೂ ಮರೆತಿರಲಾರರು. ಕಚ್ಚಿದ ನಾಯಿಗಿಂತ ಆ ಸೂಜಿಯ ಭಯವೇ ದೊಡ್ಡದಾಗಿದ್ದ ಕಾಲವದು. ಆ ಭಯಕ್ಕೆ ನೋವು ಒಂದು ಕಾರಣವಾದರೆ, ಜನರು ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದ ಮತ್ತೊಂದು ಕಾರಣವೂ ಇದ್ದಿತು: ಸೂಜಿ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಕಾಲು ಬಿದ್ದುಹೋಗುತ್ತದೆ ಎಂಬುದು. ಓದಿದವರು ಇದನ್ನು ಹಳ್ಳಿಗರ ಮೂಢನಂಬಿಕೆಯೆಂದು ತಳ್ಳಿಹಾಕುತ್ತಿದ್ದುದುಂಟು. ಆದರೆ ಅದು ಮೂಢನಂಬಿಕೆಯಾಗಿರಲಿಲ್ಲ. ಆ ಮಾತಿನ ಹಿಂದಿದ್ದ ಸತ್ಯವನ್ನು ಬೆನ್ನಟ್ಟಿ ಹೋದ ವಿಜ್ಞಾನಿಗಳು ಕೊನೆಗೆ ತಲುಪಿದ್ದು, ಇಂದು ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಬಿಳಿಯ ಪುಡಿಯ ರೂಪದಲ್ಲಿ ಪುಟ್ಟ ಶೀಶೆಗಳಲ್ಲಿರುವ ಮೈಲಿನ್ ಪೆಪ್ಟೈಡ್ ಎಂಬ ವಸ್ತುವನ್ನು. ಈ ದೀರ್ಘ ಕಥೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಹೈದರಾಬಾದು ನಗರಕ್ಕೆ ಒಂದು ಸ್ಥಾನವಿದೆಯಾದ್ದರಿಂದ ಅದನ್ನು ಈ ಸಂಪುಟದ ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಮೊದಲು ಆ ಲಸಿಕೆಯ ವಿಚಾರ. 1885ರ ಜುಲೈ ತಿಂಗಳಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ನೀಡಿದ ಮದ್ದು, ಹುಚ್ಚುನಾಯಿ ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ್ದು. ರೋಗದ ವಿಷಾಣು ನರಾಂಗಾಂಶದಲ್ಲಿ ಮಾತ್ರ ಹುಲುಸಾಗಿ ಬೆಳೆಯುತ್ತಿದ್ದುದರಿಂದ ಆ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ. 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ಸೇನಾವೈದ್ಯನು ವಿಷಾಣುವನ್ನು ಕಾರ್ಬಾಲಿಕ್ ಆಮ್ಲದಿಂದ ಪೂರ್ಣವಾಗಿ ಕೊಲ್ಲುವ ವಿಧಾನವನ್ನು ಪ್ರಕಟಿಸಿದನು. ಕುರಿಗೆ ರೋಗ ತಗಲಿಸಿ, ಅದರ ಮಿದುಳನ್ನು ತೆಗೆದು, ಅರೆದು, ನೀರಿನಲ್ಲಿ ಕದಡಿ, ವಿಷಾಣುವನ್ನು ನಿರ್ಜೀವಗೊಳಿಸಿದರೆ ಲಸಿಕೆ ಸಿದ್ಧ. ಅಗ್ಗ, ಸುಲಭ, ಯಾವುದೇ ಪ್ರಾಂತದ ಪ್ರಯೋಗಶಾಲೆಯಲ್ಲಿಯೂ ಮಾಡಬಹುದಾದುದು. ಕಸೌಲಿ, ಕೂನೂರುಗಳಂತೆ ಹೈದರಾಬಾದಿನ ನಾರಾಯಣಗುಡದಲ್ಲಿರುವ ರೋಗಪ್ರತಿಬಂಧಕ ವೈದ್ಯ ಸಂಸ್ಥೆಯೂ ಈ ಲಸಿಕೆಯನ್ನು ತಯಾರಿಸುತ್ತಿತ್ತು. ಸೆಂಪಲ್ ಲಸಿಕೆಯು ತೊಂಬತ್ತಕ್ಕೂ ಹೆಚ್ಚು ವರ್ಷಗಳ ಕಾಲ ಭಾರತದಲ್ಲಿ ಲೆಕ್ಕವಿಲ್ಲದಷ್ಟು ಪ್ರಾಣಗಳನ್ನು ಉಳಿಸಿತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ರೋಗಲಕ್ಷಣ ತಲೆದೋರಿದ ಮೇಲೆ ಹುಚ್ಚುನಾಯಿ ರೋಗದಿಂದ ಬದುಕುಳಿದವರು ಅತ್ಯಂತ ವಿರಳ. ಅಂಥ ರೋಗದ ಎದುರಿಗೆ ಈ ಕದಡಿದ ಮಿದುಳಿನ ದ್ರವವೇ ಬಡವನ ಪಾಲಿನ ಸಂಜೀವಿನಿಯಾಗಿತ್ತು.

ಸಂಜೀವಿನಿಯೊಳಗೇ ವಿಷವೂ ಇತ್ತು. ಪಾಶ್ಚರನ ಕಾಲದಿಂದಲೇ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದ್ದರು. ಚಿಕಿತ್ಸೆ ಆರಂಭವಾದ ಸುಮಾರು ಎರಡು ವಾರಗಳ ಹೊತ್ತಿಗೆ ಕೆಲವು ರೋಗಿಗಳಲ್ಲಿ ಜ್ವರ, ತಲೆನೋವು, ಕಾಲುಗಳ ಜೋಮು, ಮೂತ್ರ ಕಟ್ಟುವಿಕೆ ಕಾಣಿಸಿಕೊಂಡು, ಸೊಂಟದ ಕೆಳಗಿನ ಭಾಗ ನಿಶ್ಚೇಷ್ಟಿತವಾಗುತ್ತಿತ್ತು. ಕೆಲವರು ಮೂರ್ಛೆಗೆ ಸಂದು ಸಾಯುತ್ತಿದ್ದರು. ಇದೂ ಹುಚ್ಚುನಾಯಿ ರೋಗದ ಒಂದು ರೂಪವೇ, ಲಸಿಕೆಯಲ್ಲಿ ಸಾಯದೆ ಉಳಿದ ವಿಷಾಣುವಿನ ಕೃತ್ಯವೇ ಎಂಬ ಶಂಕೆ ಸಹಜವಾಗಿತ್ತು. ಆದರೆ ವಿಷಾಣು ಸಂಪೂರ್ಣ ಸತ್ತಿದ್ದ ಲಸಿಕೆಯಿಂದಲೂ ಹೀಗಾಗುತ್ತಿತ್ತು; ಕಚ್ಚಿದ ನಾಯಿಗೆ ಹುಚ್ಚೇ ಇರಲಿಲ್ಲವೆಂದು ಆಮೇಲೆ ತಿಳಿದುಬಂದ ಪ್ರಸಂಗಗಳಲ್ಲಿಯೂ ಹೀಗಾಗುತ್ತಿತ್ತು. ಇಂಥ ಅಪಘಾತ ಎಷ್ಟು ಜನರಲ್ಲಿ ಒಬ್ಬರಿಗೆ ಸಂಭವಿಸುತ್ತಿತ್ತೆಂಬುದರಲ್ಲಿ ಒಮ್ಮತವಿಲ್ಲ. ಕೆಲವು ನೂರು ಮಂದಿಗೆ ಒಬ್ಬರು ಎಂಬ ವರದಿಯಿಂದ ಹಲವು ಸಾವಿರಕ್ಕೆ ಒಬ್ಬರು ಎಂಬ ವರದಿಯವರೆಗೂ ವ್ಯತ್ಯಾಸವಿದೆ. ಊರಿಗೆ ಹಿಂದಿರುಗಿದ ಮೇಲೆ ಕಾಲು ಸೋತವನು ಮತ್ತೆ ಅದೇ ಚಿಕಿತ್ಸಾಲಯಕ್ಕೆ ಬರುವ ಸಂಭವ ಕಡಿಮೆಯಾದುದರಿಂದ, ದೊಡ್ಡ ಸಂಖ್ಯೆಗಳನ್ನು ಹೇಳುವ ವರದಿಗಳನ್ನು ನಾನು ಸ್ವಲ್ಪ ಸಂಶಯದಿಂದಲೇ ನೋಡುತ್ತೇನೆ.

ವಿಷಾಣುವಲ್ಲದಿದ್ದರೆ ದೋಷ ಯಾವುದರದು? ಉಳಿದದ್ದು ಮಿದುಳು ಮಾತ್ರ. ಆರೋಗ್ಯವಾದ ಕುರಿಯ, ಮೊಲದ ಮಿದುಳೇ ಮನುಷ್ಯನ ನರಗಳಿಗೆ ಮುಳುವಾಗುತ್ತಿದೆಯೆ? ಈ ಪ್ರಶ್ನೆಯನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಮತ್ತು ಸಹೋದ್ಯೋಗಿಗಳು 1933ರಲ್ಲಿ ಕೋತಿಗಳ ಮೇಲೆ ಪರೀಕ್ಷಿಸಿದರು. ರೋಗವಿಲ್ಲದ ಮೊಲದ ಮಿದುಳಿನ ದ್ರವವನ್ನು ತಿಂಗಳುಗಟ್ಟಲೆ, ಹತ್ತಾರು ಬಾರಿ ಚುಚ್ಚುತ್ತ ಹೋದಾಗ ಕೆಲವು ಕೋತಿಗಳು ಕಾಲೆಳೆಯತೊಡಗಿದವು. ಅವುಗಳ ಮಿದುಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರಕ್ತನಾಳಗಳ ಸುತ್ತ ಬಿಳಿಯ ರಕ್ತಕಣಗಳು ಮುತ್ತಿಕೊಂಡಿದ್ದುದೂ, ಅಲ್ಲಲ್ಲಿ ನರತಂತುಗಳ ಮೈಲಿನ್ ಹೊದಿಕೆ ಕಳಚಿಹೋಗಿದ್ದುದೂ ಕಂಡುಬಂದಿತು. ಲಸಿಕೆಯಿಂದ ಸತ್ತ ಮನುಷ್ಯರ ಮಿದುಳಿನ ಚಿತ್ರವೂ ಹೀಗೆಯೇ ಇತ್ತು.

ಮೈಲಿನ್ ಎಂದರೇನು ಎಂಬುದನ್ನು ಇಲ್ಲಿ ನಿಂತು ವಿವರಿಸಬೇಕು. ನರಕೋಶದಿಂದ ಹೊರಡುವ ಉದ್ದನೆಯ ತಂತುವಿನ ಸುತ್ತ, ಹುರಿಗೆ ಬಟ್ಟೆ ಸುತ್ತಿದಂತೆ ಪದರ ಪದರವಾಗಿ ಸುತ್ತಿಕೊಂಡಿರುವ ಕೊಬ್ಬಿನ ಹೊದಿಕೆಯೇ ಮೈಲಿನ್. ಇದರ ಒಣತೂಕದಲ್ಲಿ ಮುಕ್ಕಾಲು ಭಾಗದಷ್ಟು ಕೊಬ್ಬು; ಉಳಿದದ್ದು ಪ್ರೋಟೀನು. ಹೊದಿಕೆ ಇಲ್ಲದ ತಂತುವಿನಲ್ಲಿ ಸಂದೇಶವು ಸೆಕೆಂಡಿಗೆ ಒಂದೆರಡು ಮೀಟರು ಸಾಗಿದರೆ, ದಪ್ಪ ಹೊದಿಕೆಯುಳ್ಳ ತಂತುವಿನಲ್ಲಿ ನೂರು ಮೀಟರಿನವರೆಗೂ ಸಾಗಬಲ್ಲುದು. ಹೊದಿಕೆ ಕಿತ್ತುಹೋದರೆ ಸಂದೇಶ ತಡವಾಗುತ್ತದೆ, ಇಲ್ಲವೆ ನಡುದಾರಿಯಲ್ಲೇ ನಿಲ್ಲುತ್ತದೆ. ಕಣ್ಣು ಮಂಜಾಗುವುದು, ಕೈ ನಡುಗುವುದು, ಕಾಲು ಮಾತು ಕೇಳದಿರುವುದು ಇದರ ಪರಿಣಾಮ. ಈ ಹೆಸರನ್ನಿಟ್ಟವನು 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ. ಗ್ರೀಕಿನಲ್ಲಿ ಮಜ್ಜೆಗೆ ಹೇಳುವ ಶಬ್ದದಿಂದ ಆತ ಅದನ್ನು ಟಂಕಿಸಿದ. ಮೂಳೆಯೊಳಗಿನ ಮಜ್ಜೆಯನ್ನೂ ತಲೆಯೊಳಗಿನ ಮಿದುಳನ್ನೂ ಒಂದೇ ಬಗೆಯ ವಸ್ತುವೆಂದು ಕಾಣುವ ದೃಷ್ಟಿ ನಮ್ಮ ಭಾಷೆಗಳಿಗೂ ಹೊಸದಲ್ಲ. ತಮಿಳಿನ ‘ಮೂಳೈ’ ಎಂಬ ಶಬ್ದಕ್ಕೆ ಮಿದುಳೆಂಬ ಅರ್ಥವೂ ಮಜ್ಜೆಯೆಂಬ ಅರ್ಥವೂ ಇದೆ; ತೆಲುಗಿನ ‘ಮೂಲುಗ’ ಮಜ್ಜೆ. 1917ರಲ್ಲಿ ಇದೇ ನಗರದಲ್ಲಿ ಸ್ಥಾಪನೆಗೊಂಡು, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ವೈದ್ಯವೂ ಸೇರಿದಂತೆ ಸಕಲ ಶಾಸ್ತ್ರಗಳ ಪರಿಭಾಷೆಯನ್ನು ಉರ್ದುವಿಗೆ ತಂದ ಭಾಷಾಂತರ ಸಂಸ್ಥೆಯ ಸಾಹಸವನ್ನು ನೆನೆದರೆ, ‘ನರಮಜ್ಜಾವರಣ’ ಎಂಬಂಥ ಪದವೊಂದನ್ನು ಕಟ್ಟುವ ಆಸೆ ನನಗೂ ಆಗುತ್ತದೆ. ಆದರೆ ಹೊದಿಕೆಗೆ ಮಜ್ಜೆಯೆಂಬ ಹೆಸರು ಮೂಲದಲ್ಲೇ ತಪ್ಪು. ತಪ್ಪನ್ನು ಅನುವಾದಿಸುವುದಕ್ಕಿಂತ ಮೈಲಿನ್ ಎಂದೇ ಇಟ್ಟುಕೊಳ್ಳುವುದು ಲೇಸು.

ರಿವರ್ಸನ ಪ್ರಯೋಗ ಬಹಳ ನಿಧಾನವಾದುದು. 1947ರ ಸುಮಾರಿಗೆ ಎಲ್ವಿನ್ ಕಬಾಟ್ ಮೊದಲಾದವರು, ಮಿದುಳಿನ ದ್ರವವನ್ನು ಖನಿಜತೈಲ ಹಾಗೂ ಸತ್ತ ಕ್ಷಯರೋಗಾಣುಗಳ ಮಿಶ್ರಣದೊಡನೆ ಕಲಸಿ ಚುಚ್ಚಿದರೆ ಕೆಲವೇ ವಾರಗಳಲ್ಲಿ ರೋಗ ಬರುವುದನ್ನು ತೋರಿಸಿದರು. ಜೂಲ್ಸ್ ಫ್ರಾಯ್ಂಡನ ಹೆಸರಿನಿಂದ ಖ್ಯಾತವಾದ ಈ ಮಿಶ್ರಣವು ದೇಹದ ರಕ್ಷಣಾವ್ಯವಸ್ಥೆಯನ್ನು ಬಡಿದೆಬ್ಬಿಸುವ ಕೆಲಸ ಮಾಡುತ್ತದೆ. 1960ರಲ್ಲಿ ಫಿಲಿಪ್ ಪ್ಯಾಟರ್ಸನ್, ರೋಗಗ್ರಸ್ತ ಇಲಿಯ ದುಗ್ಧಗ್ರಂಥಿಯ ಕಣಗಳನ್ನು ಆರೋಗ್ಯವಂತ ಇಲಿಗೆ ವರ್ಗಾಯಿಸಿ, ಅದಕ್ಕೂ ರೋಗ ಬರುವುದನ್ನು ತೋರಿಸಿದನು. ಅಲ್ಲಿಗೆ ಸಂಶಯ ಉಳಿಯಲಿಲ್ಲ. ಹೊರಗಿನ ಶತ್ರುವನ್ನು ಕೊಲ್ಲಬೇಕಾದ ಕಣಗಳು ತನ್ನ ದೇಹದ ನರಗಳನ್ನೇ ಶತ್ರುವೆಂದು ಭ್ರಮಿಸಿ ಎರಗುವ ಸ್ವಪ್ರತಿರಕ್ಷಾ ರೋಗವಿದು.

ಮಿದುಳಿನಲ್ಲಿರುವ ಸಾವಿರಾರು ವಸ್ತುಗಳಲ್ಲಿ ಅಪರಾಧಿ ಯಾವುದು? ಶೋಧ ಕೊನೆಗೆ ಮೈಲಿನ್ನಿನ ಒಂದು ಪ್ರೋಟೀನಿಗೆ ಬಂದು ನಿಂತಿತು. ಕ್ಷಾರೀಯ ಗುಣವುಳ್ಳದ್ದಾದುದರಿಂದ ಅದಕ್ಕೆ ಮೈಲಿನ್ ಬೇಸಿಕ್ ಪ್ರೋಟೀನು ಎಂದು ಹೆಸರು. ಅದು ಸುಮಾರು 170 ಅಮೈನೋ ಆಮ್ಲಗಳ ಸರಪಣಿ. 1971ರ ಹೊತ್ತಿಗೆ ಈ ಸರಪಣಿಯ ಕೊಂಡಿಗಳ ಕ್ರಮವೆಲ್ಲ ತಿಳಿದುಬಂದಿತು. ದನದ ಸರಪಣಿಗೂ ಮನುಷ್ಯನ ಸರಪಣಿಗೂ ವ್ಯತ್ಯಾಸ ಅತ್ಯಲ್ಪವೆಂಬುದೂ ಸ್ಪಷ್ಟವಾಯಿತು. ಕುರಿಯ ಮಿದುಳಿನ ವಿರುದ್ಧ ಎಚ್ಚೆತ್ತ ಕಣಗಳು ಮನುಷ್ಯನ ಮಿದುಳನ್ನೇಕೆ ಬಿಡಲಿಲ್ಲ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. 1970ರಲ್ಲಿ ಎಡ್ವಿನ್ ಐಲರ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಇಡೀ ಪ್ರೋಟೀನು ಬೇಡ, ಅದರಲ್ಲಿನ ಒಂಬತ್ತೇ ಅಮೈನೋ ಆಮ್ಲಗಳ ಒಂದು ತುಣುಕನ್ನು ರಾಸಾಯನಿಕವಾಗಿ ಕಟ್ಟಿ ಗಿನಿಯಿಲಿಗೆ ಚುಚ್ಚಿದರೂ ರೋಗ ಬರುತ್ತದೆಂದು ಅವರು ತೋರಿಸಿದರು. ಅಮೈನೋ ಆಮ್ಲಗಳ ಇಂಥ ಗಿಡ್ಡ ಸರಪಣಿಗೇ ಪೆಪ್ಟೈಡ್ ಎಂದು ಹೆಸರು. ಯಾವ ಪ್ರಾಣಿಯ ಮಿದುಳೂ ಇಲ್ಲ, ಯಾವ ವಿಷಾಣುವೂ ಇಲ್ಲ. ಗಾಜಿನ ಪಾತ್ರೆಯಲ್ಲಿ ಹುಟ್ಟಿದ ಒಂಬತ್ತು ಕೊಂಡಿಗಳ ವಸ್ತುವೊಂದು ಪ್ರಾಣಿಯ ಕಾಲು ಬೀಳಿಸಬಲ್ಲುದು ಎಂಬುದು ಅಂದಿಗೆ ಬೆರಗುಗೊಳಿಸಿದ ಸಂಗತಿ.

ಇಷ್ಟು ಚಿಕ್ಕ ತುಣುಕು ಇಷ್ಟು ದೊಡ್ಡ ಅನರ್ಥ ಮಾಡುವುದು ಹೇಗೆ? ಕನ್ನಡ ವಿಭಾಗದ ಸಂಪುಟವಾದುದರಿಂದ ಶಾಸನಶಾಸ್ತ್ರದ ಒಂದು ಹೋಲಿಕೆಯನ್ನು ಬಳಸಿಕೊಳ್ಳುತ್ತೇನೆ. ಒಡೆದ ಕಲ್ಲಿನ ಮೇಲೆ ಉಳಿದ ಅರ್ಧ ಸಾಲನ್ನು ನೋಡಿಯೇ ಅನುಭವಿ ಶಾಸನತಜ್ಞನು ಇದು ಇಂಥ ಅರಸನ ಬಿರುದಾವಳಿಯೆಂದು ಹೇಳಬಲ್ಲನು. ಇಡೀ ಶಾಸನ ಅವನಿಗೆ ಬೇಕಿಲ್ಲ. ರಕ್ಷಣಾವ್ಯವಸ್ಥೆಯ ಟಿ ಕಣಗಳೂ ಹಾಗೆಯೇ. ಅವು ಪ್ರೋಟೀನನ್ನು ಇಡಿಯಾಗಿ ನೋಡುವುದೇ ಇಲ್ಲ. ಬೇರೆ ಕಣಗಳು ಪ್ರೋಟೀನನ್ನು ಚೂರು ಮಾಡಿ, ಹದಿನೈದಿಪ್ಪತ್ತು ಕೊಂಡಿಗಳ ಒಂದೊಂದು ಚೂರನ್ನು ತಮ್ಮ ಮೇಲ್ಮೈಯಲ್ಲಿರುವ ಒಂದು ತೊಟ್ಟಿಯಂಥ ಅಣುವಿನಲ್ಲಿಟ್ಟು ತೋರಿಸುತ್ತವೆ. ಟಿ ಕಣ ಆ ಅರ್ಧ ಸಾಲನ್ನು ಓದಿ ಮಿತ್ರನೋ ಶತ್ರುವೋ ಎಂದು ನಿರ್ಣಯಿಸುತ್ತದೆ. ಒಂದೇ ಬಿರುದು ಇಬ್ಬರು ಅರಸರ ಶಾಸನಗಳಲ್ಲಿ ಬಂದಾಗ ತಜ್ಞನೂ ಎಡವುವುದುಂಟಷ್ಟೆ. 1985ರಲ್ಲಿ ಫುಜಿನಾಮಿ ಮತ್ತು ಓಲ್ಡ್‌ಸ್ಟೋನ್ ಎಂಬವರು ಹೆಪಟೈಟಿಸ್ ಬಿ ವಿಷಾಣುವಿನ ಒಂದು ಪ್ರೋಟೀನಿನಲ್ಲಿ ಮೈಲಿನ್ ಬೇಸಿಕ್ ಪ್ರೋಟೀನಿನದೇ ಆರು ಅಕ್ಷರಗಳ ಸಾಲಿರುವುದನ್ನು ಕಂಡು, ಆ ವಿಷಾಣು ತುಣುಕನ್ನು ಮೊಲಗಳಿಗೆ ಚುಚ್ಚಿದಾಗ ಕೆಲವು ಮೊಲಗಳ ಮಿದುಳಿನಲ್ಲಿ ಅದೇ ಬಗೆಯ ಉರಿಯೂತ ಕಂಡುಬಂದಿತು.

ತೊಟ್ಟಿಯ ಆಕಾರ ಪ್ರಾಣಿಯಿಂದ ಪ್ರಾಣಿಗೆ, ಮನುಷ್ಯನಿಂದ ಮನುಷ್ಯನಿಗೆ ಬೇರೆ ಬೇರೆಯಾದುದರಿಂದ ಅದರಲ್ಲಿ ಕೂರುವ ತುಣುಕೂ ಬೇರೆಯಾಗುತ್ತದೆ. ಗಿನಿಯಿಲಿಗೆ ಮುಳುವಾದ ತುಣುಕು ಇಲಿಗೆ ಏನೂ ಮಾಡದು. ಹದಿನಾಲ್ಕು ಸೂಜಿ ತೆಗೆದುಕೊಂಡ ಸಾವಿರಾರು ಜನರಲ್ಲಿ ಒಬ್ಬನಿಗೆ ಮಾತ್ರ ಕಾಲು ಬಿದ್ದುದಕ್ಕೆ ಒಂದು ಕಾರಣ ಹುಟ್ಟಿನಿಂದ ಬಂದ ಈ ವ್ಯತ್ಯಾಸವಿರಬೇಕು. ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಮೈಲಿನ್ನಿನ ಮತ್ತೊಂದು ಪ್ರೋಟೀನಿನಿಂದ ಪಡೆದ, ಎಂಒಜಿ 35–55 ಎಂಬ ಇಪ್ಪತ್ತೊಂದು ಕೊಂಡಿಗಳ ಪೆಪ್ಟೈಡ್. ಆ ಪ್ರೋಟೀನು ಮೈಲಿನ್ನಿನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಹೊದಿಕೆಯ ಹೊರಮೈಯಲ್ಲೇ ಇರುವುದರಿಂದ ದಾಳಿಗೆ ಸುಲಭವಾಗಿ ಸಿಗುತ್ತದೆ. 1995ರಲ್ಲಿ ಇಸ್ರೇಲಿನ ಅವ್ರಹಾಂ ಬೆನ್ನುನ್ ಅವರ ತಂಡ ಈ ತುಣುಕು ‘ಸಿ57 ಬ್ಲ್ಯಾಕ್ 6’ ಎಂಬ ಕಪ್ಪು ಸುಂಡಿಲಿಯಲ್ಲಿ ರೋಗ ಹುಟ್ಟಿಸುವುದನ್ನು ವಿವರಿಸಿದ ಮೇಲೆ ಇದರ ಬಳಕೆ ಬೆಳೆಯಿತು. ಆನುವಂಶಿಕ ಮಾರ್ಪಾಟು ಮಾಡಿದ ಸುಂಡಿಲಿಗಳಲ್ಲಿ ಬಹುಪಾಲು ಇದೇ ತಳಿಯವು. ವಿಧಾನ ಸರಳ: ಪುಡಿಯನ್ನು ನೀರಿನಲ್ಲಿ ಕರಗಿಸಿ, ಫ್ರಾಯ್ಂಡ್ ಮಿಶ್ರಣದೊಡನೆ ಬೆಣ್ಣೆಯಷ್ಟು ಗಟ್ಟಿಯಾಗುವಂತೆ ಕಡೆದು ಸುಂಡಿಲಿಯ ಚರ್ಮದಡಿ ಚುಚ್ಚುವುದು, ಅಂದೂ, ಎರಡು ದಿನ ಬಿಟ್ಟೂ ನಾಯಿಕೆಮ್ಮಿನ ರೋಗಾಣುವಿನ ವಿಷವನ್ನು ಕೊಡುವುದು. ಒಂಬತ್ತರಿಂದ ಹದಿನಾಲ್ಕನೆಯ ದಿನದೊಳಗೆ ಬಾಲ ಜೋಲುಬೀಳುತ್ತದೆ, ಅನಂತರ ಹಿಂಗಾಲುಗಳು ಸೋಲುತ್ತವೆ. ಸಂಶೋಧಕರು ಪ್ರತಿದಿನವೂ ಅಂಕ ಹಾಕುತ್ತಾರೆ: ಸೊನ್ನೆಯೆಂದರೆ ಆರೋಗ್ಯ, ಒಂದು ಬಾಲ, ಮೂರು ಹಿಂಗಾಲುಗಳ ಪೂರ್ಣ ನಿಶ್ಚೇಷ್ಟತೆ, ಐದೆಂದರೆ ಸಾವು. ಓದುವುದಕ್ಕೆ ಕ್ರೂರವೆನಿಸುವ ಈ ಅಂಕಪಟ್ಟಿಯ ಮೇಲೆಯೇ ಹೊಸ ಔಷಧವೊಂದರ ಭವಿಷ್ಯ ನಿರ್ಧಾರವಾಗುತ್ತದೆ.

ಮಿದುಳು ಬೆನ್ನುಹುರಿಗಳ ಹೊರಗಿನ, ಕೈಕಾಲುಗಳ ನರಗಳಿಗೆ ಇಂಥದೇ ಇನ್ನೊಂದು ಮಾದರಿಯುಂಟು. 1955ರಲ್ಲಿ ವಾಕ್ಸ್‌ಮನ್ ಮತ್ತು ಆಡಮ್ಸ್ ಅದನ್ನು ರೂಪಿಸಿದರು. ಪಿ2 ಎಂಬ ಪ್ರೋಟೀನಿನ ಪೆಪ್ಟೈಡಿನಿಂದ ಅದನ್ನು ಈಗ ಉಂಟುಮಾಡುತ್ತಾರೆ. ಗಿಲನ್–ಬಾರೆ ರೋಗದ ಅಧ್ಯಯನಕ್ಕೆ ಅದು ಆಧಾರ.

ಈಗ ಮತ್ತೆ ಮನುಷ್ಯರ ಕಡೆಗೆ. ವಿಷಾಣುವನ್ನು ಕೊಲ್ಲುವ ರಾಸಾಯನಿಕವನ್ನು ಬದಲಾಯಿಸಿ, ಬೀಟಾ ಪ್ರೊಪಿಯೊಲ್ಯಾಕ್ಟೋನ್ ಬಳಸಿದರೂ ಅಪಘಾತ ತಪ್ಪಲಿಲ್ಲವೆಂಬುದನ್ನು 1984ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ತಮ್ಮ ರೋಗಿಗಳ ವಿವರಗಳೊಡನೆ ಪ್ರಕಟಿಸಿದರು. ತಪ್ಪುವುದಾದರೂ ಹೇಗೆ? ಬದಲಾದುದು ಕೊಲ್ಲುವ ಮದ್ದು; ಮಿದುಳು ಅದೇ ಮಿದುಳು. 1987ರಲ್ಲಿ ಥೈಲೆಂಡಿನ ಹೇಮಚುಢಾ ಮತ್ತು ಸಂಗಡಿಗರು, ಸೆಂಪಲ್ ಲಸಿಕೆಯ ಬಳಿಕ ನರರೋಗಕ್ಕೆ ತುತ್ತಾದವರ ರಕ್ತದಲ್ಲಿ ಮೈಲಿನ್ ಬೇಸಿಕ್ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳಿರುವುದನ್ನು ತೋರಿಸಿದರು. ಪ್ರಯೋಗಾಲಯದ ಗಿನಿಯಿಲಿಗೂ ಚಿಕಿತ್ಸಾಲಯದ ರೋಗಿಗೂ ನಡುವಣ ಸೇತುವೆ ಹೀಗೆ ಪೂರ್ಣವಾಯಿತು. ಇದಕ್ಕೂ ಬಹಳ ಮೊದಲು, 1955ರಲ್ಲಿಯೇ, ಚಿಲಿ ದೇಶದಲ್ಲಿ ನವಜಾತ ಸುಂಡಿಲಿಗಳ ಮಿದುಳಿನಿಂದ ಲಸಿಕೆ ತಯಾರಿಸುವ ಉಪಾಯ ಹೊರಟಿತ್ತು. ಆಗತಾನೆ ಹುಟ್ಟಿದ ಮರಿಯ ಮಿದುಳಿನಲ್ಲಿ ಮೈಲಿನ್ ಇನ್ನೂ ಮೂಡಿರುವುದಿಲ್ಲ; ಅಪಘಾತಗಳು ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ನಿಜವಾದ ಪರಿಹಾರವೆಂದರೆ ಮಿದುಳನ್ನೇ ಬಿಡುವುದು, ಗಾಜಿನಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ವಿಷಾಣುವನ್ನು ಬೆಳೆಸುವುದು. ಅದು ತಿಳಿಯದ ವಿಷಯವಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1980ರ ದಶಕದಲ್ಲಿಯೇ ಮಿದುಳಿನ ಲಸಿಕೆಯನ್ನು ಕೈಬಿಡಬೇಕೆಂದು ಸಲಹೆ ಕೊಟ್ಟಿದ್ದರು. ಭಾರತದಲ್ಲಿ ಅದರ ತಯಾರಿಕೆ ನಿಂತುದು 2004ರ ಕೊನೆಗೆ.

ಈ ಎರಡು ದಶಕಗಳ ಅಂತರವನ್ನು ಕುರಿತು ಒಂದು ಮಾತು ಹೇಳದಿರಲಾರೆ. ಆ ಅವಧಿಯಲ್ಲಿ ದೇಶದಲ್ಲಿ ಎರಡೂ ಲಸಿಕೆಗಳಿದ್ದವು. ಹಣವುಳ್ಳವರು ಅಂಗಡಿಯಿಂದ ಕೋಶಲಸಿಕೆಯನ್ನು ಕೊಂಡು ತೋಳಿಗೆ ಐದು ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಇಲ್ಲದವರು ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ನಿಂತು ಕುರಿಯ ಮಿದುಳಿನ ಲಸಿಕೆಯನ್ನು ಹೊಟ್ಟೆಗೆ ಹಾಕಿಸಿಕೊಳ್ಳುತ್ತಿದ್ದರು. ಅಗ್ಗದ ಲಸಿಕೆಯೂ ಇಲ್ಲದಿದ್ದರೆ ಸಾಯುವವರು ಇನ್ನೂ ಹೆಚ್ಚೆಂಬ ವಾದ ಸುಳ್ಳಲ್ಲ. ಆದರೆ ಅಪಾಯದ ಸ್ವರೂಪ, ಅದರ ಪ್ರೋಟೀನು, ಆ ಪ್ರೋಟೀನಿನ ಕೊಂಡಿಗಳು ಕೂಡ ಗೊತ್ತಾದ ಮೇಲೆಯೂ ಇಷ್ಟು ಕಾಲ ಬೇಕಾಯಿತೆಂಬುದು ವಿಜ್ಞಾನದ ದೋಷವಲ್ಲ. ಹೈದರಾಬಾದಿನಲ್ಲಿ 1982ರಲ್ಲಿ ಸ್ಥಾಪಿತವಾದ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯು ಕೋತಿಯ ಮೂತ್ರಪಿಂಡದ ಮೂಲದ ವೆರೋ ಕೋಶಗಳಲ್ಲಿ ಬೆಳೆಸಿದ ‘ಅಭಯರಾಬ್’ ಲಸಿಕೆಯನ್ನು ದೇಶದಲ್ಲಿಯೇ ತಯಾರಿಸತೊಡಗಿದುದೂ, 2006ರಲ್ಲಿ ಚರ್ಮದೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಲಸಿಕೆ ನೀಡುವ ಕ್ರಮಕ್ಕೆ ಒಪ್ಪಿಗೆ ದೊರೆತುದೂ ವೆಚ್ಚವನ್ನು ಇಳಿಸಿದವು.

ಪೆಪ್ಟೈಡಿನ ಕಥೆ ಲಸಿಕೆಯೊಡನೆ ಮುಗಿಯಲಿಲ್ಲ. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ, ತರುಣ ವಯಸ್ಸಿನವರನ್ನು, ಅದರಲ್ಲಿಯೂ ಸ್ತ್ರೀಯರನ್ನು ಹೆಚ್ಚಾಗಿ ಪೀಡಿಸುವ ರೋಗದಲ್ಲಿಯೂ ಮೈಲಿನ್ ಇದೇ ಬಗೆಯಲ್ಲಿ ನಾಶವಾಗುವುದರಿಂದ ಅದರ ಔಷಧಗಳನ್ನು ಈ ಸುಂಡಿಲಿಗಳ ಮೇಲೆಯೇ ಮೊದಲು ಪರೀಕ್ಷಿಸುತ್ತಾರೆ. ಸುಂಡಿಲಿ ಮನುಷ್ಯನಲ್ಲವೆಂಬ ಎಚ್ಚರ ಇಲ್ಲಿ ಅಗತ್ಯ. ಲೆನರ್ಸೆಪ್ಟ್ ಎಂಬ ಔಷಧದ ಬಗೆಯವು ಪ್ರಾಣಿಗಳಲ್ಲಿ ರೋಗವನ್ನು ತಡೆದರೂ, 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ರೋಗಿಗಳ ಸ್ಥಿತಿಯನ್ನು ಕೆಡಿಸಿತು. ಮೈಲಿನ್ ಪೆಪ್ಟೈಡಿನ ಒಂದೆರಡು ಕೊಂಡಿಗಳನ್ನು ಬದಲಿಸಿ ಅದನ್ನೇ ಮದ್ದಾಗಿಸುವ ಪ್ರಯತ್ನವೂ ನಡೆಯಿತು. 2000ದಲ್ಲಿ ವರದಿಯಾದ ಎಂಟು ರೋಗಿಗಳ ಪರೀಕ್ಷೆಯಲ್ಲಿ ಕೆಲವರಿಗೆ ರೋಗ ಮರುಕಳಿಸಿದುದರಿಂದ ಅದನ್ನು ನಿಲ್ಲಿಸಬೇಕಾಯಿತು. ಮಿದುಳಿಗೆ ಮಿದುಳಿನ ತುಣುಕನ್ನೇ ಮದ್ದಾಗಿ ಕೊಡುವವರು ಸೆಂಪಲ್ ಲಸಿಕೆಯ ಇತಿಹಾಸವನ್ನು ಎರಡು ಬಾರಿ ಓದಬೇಕೇನೋ.

ಆದರೆ ಒಂದು ಪ್ರಯತ್ನ ಫಲಿಸಿತು, ಅದೂ ತಲೆಕೆಳಗಾಗಿ. 1960ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೈಕೆಲ್ ಸೆಲಾ, ರೂತ್ ಅರ್ನೋನ್, ದ್ವೋರಾ ಟೈಟೆಲ್‌ಬಾಮ್ ಇವರು ಮೈಲಿನ್ ಬೇಸಿಕ್ ಪ್ರೋಟೀನಿನ ಅನುಕರಣೆಯಾಗಿ ಗ್ಲುಟಾಮಿಕ್ ಆಮ್ಲ, ಲೈಸೀನ್, ಅಲನೀನ್, ಟೈರೋಸೀನ್ ಎಂಬ ನಾಲ್ಕೇ ಅಮೈನೋ ಆಮ್ಲಗಳನ್ನು ಗೊತ್ತಾದ ಕ್ರಮವಿಲ್ಲದೆ ಪೋಣಿಸಿದ ಸರಪಣಿಗಳನ್ನು ತಯಾರಿಸಿದರು. ಅವು ಗಿನಿಯಿಲಿಗಳಲ್ಲಿ ರೋಗ ತರುತ್ತವೆಯೆಂಬುದು ನಿರೀಕ್ಷೆ. ರೋಗ ಬರಲಿಲ್ಲ. ಅಷ್ಟೇ ಅಲ್ಲ, ಅವನ್ನು ಪಡೆದ ಪ್ರಾಣಿಗಳಿಗೆ ಆಮೇಲೆ ನಿಜವಾದ ಮೈಲಿನ್ ಪ್ರೋಟೀನನ್ನು ಚುಚ್ಚಿದಾಗಲೂ ಬಹುಮಟ್ಟಿಗೆ ರೋಗ ಬರಲಿಲ್ಲ. 1971ರಲ್ಲಿ ಪ್ರಕಟವಾದ ಈ ಶೋಧವು ಕಾಲು ಶತಮಾನದ ಬಳಿಕ, 1996ರಲ್ಲಿ, ಗ್ಲಾಟಿರಾಮರ್ ಎಂಬ ಹೆಸರಿನ ಔಷಧವಾಗಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ದಾಳಿ ಮಾಡುವ ಟಿ ಕಣಗಳ ಬದಲು ದಾಳಿಯನ್ನು ಶಮನಗೊಳಿಸುವ ಕಣಗಳನ್ನು ಅದು ಹೆಚ್ಚಿಸುತ್ತದೆಂದು ವಿವರಿಸಲಾಗಿದೆ. ರೋಗವನ್ನು ಗುಣಪಡಿಸಲಾರದು, ಮರುಕಳಿಕೆಗಳನ್ನು ವಿರಳಗೊಳಿಸುತ್ತದೆ.

ಕ್ರಮವಿಲ್ಲದ ಸರಪಣಿಗಳ ಮಿಶ್ರಣವಾದುದರಿಂದ ಈ ಔಷಧವನ್ನು ನಕಲು ಮಾಡುವುದು ಮಾತ್ರೆಯೊಂದನ್ನು ನಕಲು ಮಾಡಿದಷ್ಟು ಸುಲಭವಲ್ಲ. ಎರಡು ತಯಾರಿಕೆಗಳು ಒಂದೇ ಎಂದು ಸಾಧಿಸಿ ತೋರಿಸುವುದೇ ದೊಡ್ಡ ಕೆಲಸ. 1981ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ನ್ಯಾಟ್ಕೋ ಔಷಧ ಕಂಪನಿಯು ಅದನ್ನು ಕೈಗೆತ್ತಿಕೊಂಡು, ಅಮೆರಿಕದ ಮೈಲಾನ್ ಕಂಪನಿಯ ಸಹಯೋಗದಲ್ಲಿ ಹಲವು ವರ್ಷ ದುಡಿದು, ಪೇಟೆಂಟು ವ್ಯಾಜ್ಯಗಳನ್ನು ದಾಟಿದ ಮೇಲೆ, 2017ರ ಅಕ್ಟೋಬರಿನಲ್ಲಿ 20 ಮತ್ತು 40 ಮಿಲಿಗ್ರಾಮಿನ ಎರಡೂ ಪ್ರಮಾಣಗಳಿಗೆ ಅಮೆರಿಕದ ಔಷಧ ಪ್ರಾಧಿಕಾರದ ಒಪ್ಪಿಗೆ ದೊರೆಯಿತು. ನಾರಾಯಣಗುಡದಲ್ಲಿ ಕುರಿಯ ಮಿದುಳನ್ನು ಅರೆಯುತ್ತಿದ್ದ ನಗರವೇ ಹದಿಮೂರು ವರ್ಷಗಳ ತರುವಾಯ ಈ ಔಷಧದ ಮೂಲಸ್ಥಾನಗಳಲ್ಲೊಂದಾಯಿತು. ಗ್ಲಾಟಿರಾಮರನ್ನು ರೋಗಿಯು ತಾನೇ ಚರ್ಮದಡಿ ಚುಚ್ಚಿಕೊಳ್ಳಬೇಕು. 20 ಮಿಲಿಗ್ರಾಮಾದರೆ ದಿನಕ್ಕೊಮ್ಮೆ, 40 ಆದರೆ ವಾರಕ್ಕೆ ಮೂರು ಬಾರಿ. ಒಂದೇ ಜಾಗದಲ್ಲಿ ಚುಚ್ಚಿದರೆ ಚರ್ಮ ಕುಳಿಬೀಳುವುದರಿಂದ ತೋಳು, ತೊಡೆ, ಸೊಂಟದ ಹಿಂಬದಿ ಎಂದು ಸ್ಥಳ ಬದಲಾಯಿಸುತ್ತಿರಬೇಕು. ವೈದ್ಯರು ಸೂಚಿಸುವ ನಾಲ್ಕನೆಯ ಸ್ಥಳ ಹೊಟ್ಟೆ, ಹೊಕ್ಕುಳಿನಿಂದ ಎರಡಂಗುಲ ದೂರದಲ್ಲಿ.